ಹಾರಕದನ್ನದ ಎಡೆ

ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಎದ್ದರೆ ನವಣೆ ಉಪ್ಪಿಟ್ಟಿನ ಒಗ್ಗರಣೆ ವಾಸನೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಸಂಜೆಗೆ ಸಾಮೆ ಅನ್ನ, ಮಜ್ಜಿಗೆ. ನನ್ನ ಮೊಮ್ಮಗಳು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಗುಳುಕ್ಕನೆ ನುಂಗುವುದನ್ನು ನೋಡುತ್ತಾ ಕೂತರೆ ನನಗೆ ಉಣ್ಣದೆಯೇ ಹೊಟ್ಟೆ ತುಂಬುತ್ತದೆ. ಅವಳ ಪಕ್ಕದಲ್ಲಿ ನನ್ನ ಮಗನೂ ಅದನ್ನೇ ಉಣ್ಣುತ್ತಾನೆ. ಅದು ಇನ್ನೂ ದೊಡ್ಡ ಸಂತೋಷ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವುದು ನನ್ನ ಕೆಲಸವಲ್ಲ. ಆದರೂ ಎದೆಯೊಳಗೆ ಹಿಡಿಸದಷ್ಟು ಆದಾಗ ಎಲ್ಲಾದರೂ ಸುರಿಯಬೇಕಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಂತೋಷ ನಮ್ಮ ಮನೆಗೆ ನೆಟ್ಟಗೆ ಮುಂಬಾಗಿಲಿಂದ ಬರಲಿಲ್ಲ. ತೀರಿಹೋದ ನಮ್ಮ ಯಜಮಾನರನ್ನು ದಾಟಿಕೊಂಡು ಬಂತು.

ನಾನು ಹುಟ್ಟಿದ್ದು ಜಾವಗಲ್ ಕಡೆ. ಅಲ್ಲಿ ಎಲ್ಲ ಮಳೆ ನಂಬಿದ ಬೆದ್ದಲು ಹೊಲ. ರಾಗಿ, ಸಾಮೆ, ಹಾರಕ, ಹುರುಳಿ. ಹಬ್ಬಕ್ಕೆ ಮಾತ್ರ ಅಕ್ಕಿ. ಮದುವೆಯಾಗಿ ಮಾದಿಹಳ್ಳಿಗೆ ಬಂದಾಗ ನಮ್ಮ ಕಡೆಯವರೆಲ್ಲ, ಇವಳು ಅನ್ನದ ಮನೆ ಸೇರಿದಳು ಎಂದು ಹೊಟ್ಟೆ ಉರಿದುಕೊಂಡರು. ನಿಜವಾಗಿಯೂ ಅನ್ನದ ಮನೆಯೇ. ಗದ್ದೆ ಇತ್ತು, ತೆಂಗು ಇತ್ತು. ಯಜಮಾನರು ಮಿಲ್ಲಿನಲ್ಲಿ ನಿಂತು ಅಕ್ಕಿಯನ್ನು ಎರಡೆರಡು ಸಲ ಪಾಲಿಷ್ ಮಾಡಿಸುತ್ತಿದ್ದರು. ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದು, ಒಂದು ಕೆಂಪು ಗೆರೆ ಕಂಡರೂ ಮತ್ತೆ ಸುರಿಯಿರಿ ಎನ್ನುವರು. ರಾಗಿ ಬೆಳೆಯುತ್ತಿದ್ದೆವು, ಆದರೆ ಮುದ್ದೆ ಬೇಯುತ್ತಿದ್ದದ್ದು ಕೆಲಸಕ್ಕೆ ಬಂದವರಿಗೆ. ನಾನು ಒಲೆಯ ಹಿಂದೆ ಕೂತು ಅದರಲ್ಲೇ ಒಂದು ಪಾಲು ಉಣ್ಣುತ್ತಿದ್ದೆ.

"ಜಾವಗಲ್ ನಾಲಿಗೆ ಕಣೇ ನಿಂದು," ಎನ್ನುವರು. "ಎದುರಿಗೆ ಬಿಳಿ ಅನ್ನ ಇದ್ರೂ ಕಪ್ಪಗಿರೋದನ್ನೇ ಹುಡುಕ್ತದೆ."

"ನೀವು ಉಣ್ಣಿ, ನಿಮ್ಮ ಅನ್ನಕ್ಕೆ ನಾನೇನು ಅಡ್ಡ ಬಂದಿಲ್ಲ," ಎನ್ನುತ್ತಿದ್ದೆ.

ಅವರು ಉಂಡರು. ತಟ್ಟೆಯ ತುಂಬ ಅನ್ನ, ನಡುವೆ ಗುಳಿ ಮಾಡಿ ಸಾರು. ಮುಗಿಯುವ ಹೊತ್ತಿಗೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತಟ್ಟೆಯ ಅಂಚಿಗೆ ಬೆರಳಲ್ಲಿ ಟಕ್ ಟಕ್ ಎನಿಸುವರು. ನಾನು ಇನ್ನೊಂದು ಕೈ ಅನ್ನ ಹಾಕಬೇಕು. ಸಕ್ಕರೆ ಕಾಯಿಲೆ ಬಂತು, ಮಾತ್ರೆ ಬಂತು, ಬೆರಳ ಶಬ್ದ ನಿಲ್ಲಲಿಲ್ಲ. ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ವಾಸಿಯಾಗದೆ, ಮೊದಲು ಬೆರಳು ತೆಗೆದರು, ಆಮೇಲೆ ಹಾಸನದಲ್ಲಿ ಪಾದವನ್ನೇ ತೆಗೆದರು. ಮನೆಗೆ ಕರೆತಂದ ದಿವಸ ಮುದ್ದೆ ಮಾಡಿ ಮುಂದಿಟ್ಟೆ. ಅವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಕಾಲು ಹೋಯ್ತು. ಅನ್ನಾನೂ ಹೋಗ್ಲಾ?" ಎಂದರು.

ಅನ್ನ ಹಾಕಿದೆವು. ಮುಂದಿನ ಮಳೆಗಾಲದ ಹೊತ್ತಿಗೆ ಅವರಿರಲಿಲ್ಲ.

ಅವರು ಹೋದರೂ ಮನೆ ಬಿಡಲಿಲ್ಲ ಎಂದೇ ನನಗೆ ಅನ್ನಿಸುತ್ತಿತ್ತು. ಪಾದ ತೆಗೆದ ಮೇಲೆ ಕೊಂಡಿದ್ದ ಅವರ ಚಪ್ಪಲಿ ಜೋಡಿ ಹಜಾರದ ಮೂಲೆಯಲ್ಲಿ ಹಾಗೇ ಇತ್ತು. ಬಲಗಾಲಿನದು ಸವೆದು ಕಾಗದದಂತಾಗಿತ್ತು, ಎಡಗಾಲಿನದು ಹೊಸದರಂತೆ. ಊಟದ ಹೊತ್ತಿಗೆ ಹಜಾರದಲ್ಲಿ ಊರುಗೋಲು ಊರಿದ ಶಬ್ದ ಕೇಳುವುದು. ಸೊಸೆಗೆ ಕೇಳುತ್ತಿರಲಿಲ್ಲ. ಕೈಯಲ್ಲಿ ಸೌಟು ಹಿಡಿದು ನಾನು ಹಾಗೇ ನಿಂತುಬಿಟ್ಟರೆ ಅವಳು, "ಅತ್ತೆ, ಸಾರು ಆರ್ತೈತೆ," ಎಂದು ಎಚ್ಚರಿಸುವಳು. ಇದನ್ನೆಲ್ಲ ಸಹಿಸಬಹುದಿತ್ತು. ಒಂದು ದಿವಸ ಊಟಕ್ಕೆ ಕೂತಿದ್ದ ಮಗ ತಟ್ಟೆಯ ಅಂಚಿಗೆ ಬೆರಳಲ್ಲಿ ಟಕ್ ಟಕ್ ಎನಿಸಿದ. ಅವನಿಗೆ ಯಾರೂ ಕಲಿಸಿದ್ದಲ್ಲ. ಮೊದಲು ಹಾಗೆ ಮಾಡುತ್ತಲೂ ಇರಲಿಲ್ಲ. ನನ್ನ ಕೈ ತಾನಾಗಿ ಅನ್ನದ ಪಾತ್ರೆಗೆ ಹೋಯಿತು. ಬಡಿಸಿದ ಮೇಲೆ ನೋಡುತ್ತೇನೆ, ಅವನು ಉಣ್ಣುತ್ತಿದ್ದದ್ದು ಅವರ ತಟ್ಟೆಯಲ್ಲಿ. ಬಗ್ಗಿದ ಬೆನ್ನು ಅವರದು, ಎಲ್ಲ ಅವರದೇ.

ನನ್ನ ಮಗ ಡೇರಿಯ ಹಾಲಿನ ಕ್ಯಾನು ಸಾಗಿಸುವ ಟೆಂಪೋ ಓಡಿಸುತ್ತಾನೆ. ಹೋದ ವರ್ಷ ಅವನ ಕಾಲಿನ ಬೆರಳಲ್ಲೂ ಒಂದು ಗಾಯವಾಯಿತು. ಕ್ಲಚ್ ತುಳಿದು ತುಳಿದು ಆದದ್ದು, ಹೋಗುತ್ತೆ ಬಿಡು ಎಂದ. ಹೋಗಲಿಲ್ಲ. ಹಳೇಬೀಡಿನಲ್ಲಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಏರಿತ್ತು. ಮಾತ್ರೆ ಕೊಟ್ಟು, ಬಿಳಿ ಅನ್ನ ಕಮ್ಮಿ ಮಾಡಿ, ಕಾಳು, ಸೊಪ್ಪು, ರಾಗಿ, ಸಿರಿಧಾನ್ಯ ಜಾಸ್ತಿ ಮಾಡಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಿಟಕಿಯಿಂದ ಆಚೆ ನೋಡಲೇ ಇಲ್ಲ. ಅವನ ಕಾಲನ್ನೇ ನೋಡುತ್ತಾ ಬಂದೆ.

ಅವತ್ತಿನಿಂದ ನಾನೂ ಸೊಸೆಯೂ ಸೇರಿಕೊಂಡೆವು. ಅವಳು ಬಲು ತಾಳ್ಮೆಯವಳು. ಮೊದಲು ಅಕ್ಕಿಯ ಜೊತೆ ಒಂದು ಹಿಡಿ ಸಾಮೆ ಸೇರಿಸಿದೆವು. ಅಕ್ಕಿಯ ಹಾಗೇ ಸರಸರ ತೊಳೆದು ಇಟ್ಟದ್ದರಿಂದ ಅಲ್ಲಲ್ಲಿ ಹರಳು ಹರಳಾಗಿ ಉಳಿಯಿತು. ಆಮೇಲೆ ಮುಂಚೆಯೇ ನೆನೆಹಾಕುವುದನ್ನು ಕಲಿತೆವು. ನವಣೆಯನ್ನು ಹುರಿದು ಉಪ್ಪಿಟ್ಟು ಮಾಡಿದೆವು. ರಾಗಿ ಹಿಟ್ಟನ್ನು ಜರಡಿ ಹಿಡಿಯುವುದು ಬಿಟ್ಟೆವು, ತೌಡಿನಲ್ಲೇ ಸತ್ವ ಎಂದು ಡಾಕ್ಟರು ಹೇಳಿದ್ದರು. ಮೊಮ್ಮಗಳಿಗೆ ಎಲ್ಲವೂ ಸೇರಿತು. ಮಗನಿಗೆ ಯಾವುದೂ ಸೇರಲಿಲ್ಲ.

"ಅವ್ವ, ಇದು ಪಂಜರದ ಹಕ್ಕಿಗೆ ಹಾಕೋ ಕಾಳು ಕಣವ್ವ."

"ಅಪ್ಪ, ಹಕ್ಕಿಗೆ ಶುಗರ್ ಬರಲ್ಲ ಅಲ್ವಾ?" ಎಂದಳು ಮೊಮ್ಮಗಳು. ಮೂರನೇ ಕ್ಲಾಸಿನ ಹುಡುಗಿ.

"ನೀನು ಸುಮ್ಕೆ ಉಣ್ಣು. ವಕೀಲೆ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ಒಂದು ತುತ್ತು ತಿಂದು, ಎದ್ದು ಹೋಗಿ, ಹೊರಗೆ ಹೋಟೆಲಿನಲ್ಲಿ ಅನ್ನ ಉಂಡು ಬಂದ. ಹೀಗೇ ನಡೆಯಿತು. ಕೊನೆಗೊಂದು ದಿವಸ ನಾನು ಯಜಮಾನರ ತಟ್ಟೆಗೇ ಸಾಮೆ ಅನ್ನ ಬಡಿಸಿಬಿಟ್ಟೆ. ಅವನ ಮುಖ ಬೇರೆಯಾಯಿತು.

"ಅಪ್ಪನ ತಟ್ಟೆ ಅದು. ಅದಕ್ಕೆ ಇದನ್ನ ಹಾಕ್ಬ್ಯಾಡ."

"ಅಪ್ಪಂಗೆ ಆಗಿದ್ದು ನಿಂಗೂ ಆಗ್ಬೇಕೇನ್ಲಾ?"

ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. "ಬಿಳಿ ಅನ್ನದ ಮುಂದೆ ಕೂತ್ರೆ ಅಪ್ಪ ಪಕ್ಕದಲ್ಲಿ ಕೂತಂಗೆ ಆಯ್ತದೆ ಕಣವ್ವ. ಅದೂ ಹೋದ್ರೆ ನಂಗೇನು ಉಳೀತದೆ?"

ಇಷ್ಟು ದಿನ ಅವರು ನನ್ನೊಬ್ಬಳನ್ನೇ ಕಾಡುತ್ತಿದ್ದಾರೆ ಎಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು ದೀಪಾವಳಿ ಅಮಾವಾಸ್ಯೆಗೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆ ಹಾಕಿ ಬಡಿಸಿ, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಣ್ಣುವ ಹೊತ್ತು ಅದು. ಆಮೇಲೆ ಬಾಗಿಲು ತೆಗೆದು, ಒಂದು ಪಾಲು ಹೆಂಚಿನ ಮೇಲಿಟ್ಟು ಕಾಗೆ ಮುಟ್ಟಿದ ಮೇಲೆ ಮನೆಯವರು ಉಣ್ಣಬೇಕು. ಎಡೆಯಲ್ಲಿಟ್ಟದ್ದನ್ನು ಮನೆಯವರು ಬೇಡ ಎನ್ನುವ ಹಾಗಿಲ್ಲ. ಇನ್ನೊಂದು ಕಟ್ಟು, ಎಡೆಯ ಅಡುಗೆಯನ್ನು ಮುಂಚೆ ಯಾರೂ ರುಚಿ ನೋಡಬಾರದು, ಉಪ್ಪು ಕೂಡ. ಸ್ವಂತ ಹೊಲದ ಹೊಸ ಫಸಲಿದ್ದರೆ ಅದರ ಮೊದಲ ಅಡುಗೆ ಹಿರಿಯರಿಗೇ.

ಆ ವರ್ಷ ನಾನು ಮೇಲಿನ ಹೊಲದಲ್ಲಿ ಒಂದು ತುಂಡಿಗೆ ಹಾರಕ ಹಾಕಿಸಿದ್ದೆ. ಬೀಜ ಜಾವಗಲ್ಲಿನ ನಮ್ಮಕ್ಕನ ಮನೆಯದು. ಹಬ್ಬ ಹತ್ತಿರ ಬಂದಾಗ ಮಗನಿಗೆ ಹೇಳಿದೆ, "ಈ ಸಲ ನಿಮ್ಮಪ್ಪಂಗೆ ಹಾರಕದ ಅನ್ನ ಇಡ್ತೀನಿ."

ಅವನು ನಕ್ಕ. "ಇಡು. ಅಪ್ಪ ಉಂಡ್ರೆ ನಾನೂ ಉಣ್ತೀನಿ. ಆಮ್ಯಾಕೆ ಬಿಳಿ ಅನ್ನದ ಸುದ್ದಿ ಎತ್ತಲ್ಲ. ಅಪ್ಪ ಮುಟ್ಟದಿದ್ರೆ ನೀನು ಈ ಹಕ್ಕಿ ಕಾಳಿನ ಸುದ್ದಿ ಎತ್ತಬಾರ್ದು."

"ಮಾತು ಅಂದ್ರೆ ಮಾತು."

"ಮಾತೇ."

ಹಾರಕ ಕೊಯ್ದು ಕಟ್ಟು ಕಟ್ಟಿ ಹೊಲದಲ್ಲೇ ಬಿಟ್ಟಿದ್ದಾಗ ಮಳೆ ಹಿಡಿಯಿತು. ಬಿಟ್ಟು ಬಿಟ್ಟು ಹನಿಯಿತು. ಹಬ್ಬಕ್ಕೆ ಬೇಕಲ್ಲ ಎಂಬ ಆತುರಕ್ಕೆ, ಬಿಸಿಲು ಬಂದ ಕೂಡಲೇ ಒಕ್ಕಣೆ ಮಾಡಿಸಿ, ಮೆಷಿನ್ನಿಗೆ ಹಾಕಿಸಿ ಸಿಪ್ಪೆ ತೆಗೆಸಿಕೊಂಡು ಬಂದೆ. ಪಾಲಿಷ್ ಮಾಡಿಸಲಿಲ್ಲ. ಕಾಳು ಸ್ವಲ್ಪ ಮಂಕಾಗಿತ್ತು. ತೌಡಿನ ಬಣ್ಣ ಎಂದುಕೊಂಡೆ.

ಅಮಾವಾಸ್ಯೆ ಮಧ್ಯಾಹ್ನ ಎಲೆಯ ತುಂಬ ಹಾರಕದ ಅನ್ನ, ಅವರೆಕಾಳು ಸಾರು, ಸೊಪ್ಪಿನ ಪಲ್ಯ, ಕಡುಬು. ಪಕ್ಕದಲ್ಲಿ ಹೊಸ ಪಂಚೆ. ಬಾಗಿಲು ಮುಚ್ಚಿ ಹೊರಗೆ ನಿಂತೆವು. ಒಳಗೆ ಏನೋ ಸರಿದ ಹಾಗೆ ನನಗೆ ಕೇಳಿತು. ಮಗನನ್ನು ನೋಡಿದೆ, ಅವನು ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಹೆಂಚಿನ ಮೇಲೆ ಪಾಲು ಇಟ್ಟೆವು. ಕಾಗೆ ಕಾಯಿಸಲಿಲ್ಲ. ಬಂದು ಅನ್ನಕ್ಕೇ ಮೊದಲು ಬಾಯಿ ಹಾಕಿತು.

"ಉಂಡ ಕಣವ್ವ," ಎಂದ ಮಗ. ಕಣ್ಣು ಒದ್ದೆಯಾಗಿತ್ತು. ಕೊಟ್ಟ ಮಾತಿನಂತೆ ಎಲೆ ಮುಂದೆ ಕೂತು ಎರಡು ಸಲ ಹಾಕಿಸಿಕೊಂಡು ಹಾರಕದನ್ನ ಉಂಡ. ನಾನೂ ಉಂಡೆ, ಸೊಸೆಯೂ ಉಂಡಳು. ಮೊಮ್ಮಗಳು ಮಾತ್ರ ಕಡುಬಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಅನ್ನ ಬೇಡವೆಂದಿದ್ದಳು. ದೇವರು ದೊಡ್ಡವನು.

ಎಲೆ ಎತ್ತಿ ಸ್ವಲ್ಪ ಹೊತ್ತಾಗಿರಬೇಕು. ಮಗ ಕಂಬಕ್ಕೆ ಒರಗಿ, "ಮನೆ ತೇಲ್ತಾ ಐತೆ," ಎಂದ. ನಾಲಿಗೆ ದಪ್ಪವಾಗಿತ್ತು, ಕೈ ನಡುಗುತ್ತಿತ್ತು. ಸೊಸೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ನನ್ನ ರೆಪ್ಪೆ ಕಲ್ಲಾಯಿತು. ಎದ್ದು ನಿಲ್ಲಲು ಹೋದರೆ ನೆಲ ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಮಗ ಎಡೆಯ ಕೋಣೆಯ ಕಡೆ ತಿರುಗಿ, ಎದುರಿಗಿದ್ದವರಿಗೆ ಹೇಳುವಂತೆ, "ಕೂತ್ಕೊ. ಯಾಕೆ ನಿಂತಿದ್ದೀಯ," ಎಂದ. ನಾನು ಆ ಕಡೆ ನೋಡಿದೆ. ಬಾಗಿಲು ತೆರೆದಿತ್ತು. ಯಾರೂ ಕಾಣಲಿಲ್ಲ. ಆಮೇಲೆ ನನಗೆ ಏನೂ ನೆನಪಿಲ್ಲ.

ಮೊಮ್ಮಗಳೇ ಬೀದಿಗೆ ಓಡಿ ಜನ ಕರೆದಳಂತೆ. ಆಟೋದಲ್ಲಿ ಹಾಕಿ ಹಳೇಬೀಡಿಗೆ ಒಯ್ದರು. ಡ್ರಿಪ್ ಏರಿಸಿದರು. ಸಂಜೆಯ ಹೊತ್ತಿಗೆ ಮೂವರಿಗೂ ತಲೆಸುತ್ತು ಇಳಿಯಿತು. ಏನೋ ಕೆಟ್ಟದ್ದು ತಿಂದಿದ್ದೀರಿ ಎಂದು ಡಾಕ್ಟರು ಹೇಳಿ, ಕಾದು ನೋಡಿ, ಮನೆಗೆ ಕಳಿಸಿದರು. ಬೀದಿಯವರು ಬೇರೆಯೇ ಹೇಳಿದರು. ಅನ್ನ ಉಂಡ ಜೀವಕ್ಕೆ ಹಾರಕ ಇಟ್ಟಿದ್ದಕ್ಕೆ ಯಜಮಾನರು ಮುನಿಸಿಕೊಂಡು ಮೈ ಮೇಲೆ ಬಂದರು ಎಂದು. ಸೊಸೆ ಹೆದರಿ, ಉಳಿದ ಅನ್ನವನ್ನೆಲ್ಲ ತಿಪ್ಪೆಗೆ ಸುರಿದಳು.

"ಅತ್ತೆ, ಮಾವನಿಗೆ ಇಷ್ಟ ಇಲ್ಲದ್ದು ನಮಗೆ ಬ್ಯಾಡ. ಬಿಟ್ಬಿಡೋಣ," ಎಂದಳು.

ನನಗೂ ಧೈರ್ಯ ಇರಲಿಲ್ಲ. ಅವರು ತಟ್ಟೆ ಪಕ್ಕಕ್ಕೆ ಸರಿಸಿದ್ದು ಕಣ್ಣ ಮುಂದೆ ಬಂತು. ಮಾರನೆ ಬೆಳಿಗ್ಗೆ ಮಗನಿಗೆ ಬಿಳಿ ಅನ್ನವೇ ಬಡಿಸಿದೆ. ಅವನು ಉಂಡು, ಮುಗಿದ ಮೇಲೆ ತಟ್ಟೆಯ ಅಂಚಿಗೆ ಟಕ್ ಟಕ್ ಎನಿಸಿದ. ಅವನ ಕಾಲಿಗೆ ಸುತ್ತಿದ್ದ ಬಟ್ಟೆಯ ಮೇಲೆ ಹಳದಿ ಕಲೆ ಕಾಣುತ್ತಿತ್ತು. ಸೌಟು ಎತ್ತಿದೆ. ನನ್ನ ಕೈಯಾರೆ ಇವನನ್ನೂ ಅವರಿಗೆ ಒಪ್ಪಿಸುತ್ತಿದ್ದೇನೆ ಎನಿಸಿತು. ಆದರೂ ಹಾಕಿದೆ.

ಹಿತ್ತಲಿನಿಂದ ಮೊಮ್ಮಗಳು ಕೂಗಿದಳು. "ಅಜ್ಜಿ, ಬಾ ಇಲ್ಲಿ. ಕೋಳಿಗಳ ಮೈ ಮೇಲೂ ತಾತ ಬಂದವ್ರೆ."

ಹೋಗಿ ನೋಡಿದೆ. ತಿಪ್ಪೆಯ ಬದಿಯಲ್ಲಿ ನಮ್ಮ ಹೇಂಟೆಗಳು ಕುಡುಕರ ಹಾಗೆ ತೂರಾಡುತ್ತಿದ್ದವು. ಒಂದು ಹೇಂಟೆ ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ಉರುಳಿತು. ಕತ್ತು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅವುಗಳ ಕಾಲ ಕೆಳಗೆ ಹಾರಕದನ್ನ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಯಜಮಾನರಿಗೆ ನನ್ನ ಮೇಲೆ ಸಿಟ್ಟಿರಬಹುದು, ಈ ಕೋಳಿಗಳ ಮೇಲೆ ಅವರಿಗೇನು ಸಿಟ್ಟು? ಒಳಗೆ ಹೋಗಿ ಚೀಲ ಬಿಚ್ಚಿ, ಹಿಡಿ ಕಾಳು ಮೂಗಿಗೆ ಹಿಡಿದೆ. ಧೂಪವಿಲ್ಲ, ಸಾರಿಲ್ಲ, ಬರೀ ಕಾಳು. ಮುಗ್ಗಲು ವಾಸನೆ ಹೊಡೆಯಿತು. ಜಾವಗಲ್ಲಿಗೆ ಅಕ್ಕನಿಗೆ ಫೋನ್ ಮಾಡಿದೆ.

"ಮಳೆ ಬಿದ್ದ ಹಾರಕನ ಮನೆಗ್ಯಾಕೆ ತಂದೆ?" ಎಂದಳು ಅಕ್ಕ. "ಅದು ಮತ್ತು ಬರಿಸ್ತದೆ ಕಣೇ. ಅವ್ವ ಅದನ್ನ ದನದ ಬಾಯಿಗೂ ತೋರಿಸ್ತಿರ್ಲಿಲ್ಲ. ಬಿಸಿಲಲ್ಲಿ ಕೊಯ್ದು, ಚೆನ್ನಾಗಿ ಒಣಗಿಸಿ, ಹಳೇದು ಮಾಡಿ ಉಣ್ಣೋದು. ಮರ್ತ್ಯಾ?"

"ಮರ್ತಿದ್ದೆ ಅಕ್ಕ."

"ಅನ್ನದ ಮನೆ ಸೇರಿ ಹಾಳಾದೆ ನೀನು. ಆ ಕಾಳನ್ನ ಗುಂಡಿ ತೋಡಿ ಮುಚ್ಚಿಬಿಡು. ಕೋಳಿ ಏನಾದ್ವು?"

"ತೂರಾಡ್ತಾವೆ."

"ಒಂದು ಹೊತ್ತು ಬಿಟ್ಟು ಸರಿ ಹೋಯ್ತವೆ. ನಿನ್ನ ಬುದ್ಧಿ ಯಾವಾಗ ಸರಿ ಹೋಯ್ತದೋ."

ಮಗ ಟೆಂಪೋ ನಿಲ್ಲಿಸಿ ಬಂದಾಗ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೋಳಿ ತೋರಿಸಿದೆ, ಕಾಳು ಮೂಸಿಸಿದೆ, ಅಕ್ಕ ಹೇಳಿದ್ದನ್ನು ಹೇಳಿದೆ. ನಗುತ್ತಾನೆ, ಇಲ್ಲವೇ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಮಾಡಲಿಲ್ಲ. ಏನೋ ಕಳೆದುಕೊಂಡವನ ಹಾಗೆ ನಿಂತ.

"ಹಂಗಾದ್ರೆ ಬಂದಿದ್ದು ಅಪ್ಪ ಅಲ್ವಾ?" ಎಂದ.

"ಏನು ಕಂಡೆ ನೀನು?"

"ಅಪ್ಪನ್ನ. ಎರಡು ಕಾಲಲ್ಲೂ ನಿಂತಿದ್ದ. ಕೂತ್ಕೊ ಅಂದೆ, ಕೂರ್ಲಿಲ್ಲ. ನನ್ನ ಮುಖ ನೋಡ್ಲಿಲ್ಲ ಕಣವ್ವ. ನನ್ನ ಕಾಲನ್ನೇ ನೋಡ್ತಿದ್ದ. ಬಾಳ ಹೊತ್ತು ನೋಡ್ದ."

ಅದೇ ಹಾರಕವನ್ನು ನಾನೂ ಉಂಡಿದ್ದೆ. ಅವರ ಜೊತೆ ಅಷ್ಟು ವರ್ಷ ಬಾಳಿದವಳು ನಾನು. ನನಗೆ ಬಂದದ್ದು ಬರೀ ನಿದ್ದೆ.

"ಕಾಳಿಂದಾನೇ ಕಾಣ್ಲಿ," ಎಂದ ಮಗ ಆಮೇಲೆ. "ಕಂಡಿದ್ದು ಕಂಡಿದ್ದೇ. ಎಡೆ ಕೆಟ್ಟೋಯ್ತಲ್ಲ, ಮುಂದಿನ ಅಮಾಸೆಗೆ ಇನ್ನೊಂದು ಇಡು. ಮುದ್ದೆ ಇಡು."

ಅಲ್ಲಿಯವರೆಗೂ ಅವನು ಅನ್ನ ಬಿಡಲಿಲ್ಲ, ಆದರೆ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಅಮಾವಾಸ್ಯೆ ಬಂತು. ಒಣಗಿದ ಹಳೆಯ ರಾಗಿ ತೆಗೆದು, ಆರಿಸಿ, ಬೀಸಿಸಿಕೊಂಡು ಬಂದು, ಹಿಟ್ಟನ್ನು ಜರಡಿಗೆ ಹಾಕದೆ ಎಸರಿಗೆ ಬಿಟ್ಟೆ. ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಒದ್ದೆ ಕೈಯಲ್ಲಿ ಗುಂಡಗೆ ಕಟ್ಟಿದೆ. ಎಡೆಯ ಎಲೆಯ ನಡುವೆ ಹಬೆಯಾಡುವ ಮುದ್ದೆ, ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು. ಅನ್ನ ಇಡಲೇ ಇಲ್ಲ. ನೀವು ಪಕ್ಕಕ್ಕೆ ಸರಿಸಿದರೆ ನಿಮ್ಮ ಮಗನ ಕಾಲು ಹೋಗುತ್ತದೆ ನೋಡಿ ಎಂದು ಮನಸ್ಸಿನಲ್ಲೇ ಹೇಳಿ ಬಾಗಿಲು ಮುಚ್ಚಿದೆ.

ಹೊರಗೆ ನಾಲ್ವರೂ ನಿಂತೆವು. ಮಗ ಕೈಕಟ್ಟಿಕೊಂಡು, ಗಾಯದ ಕಾಲನ್ನು ಸ್ವಲ್ಪ ಎತ್ತಿ ನಿಂತಿದ್ದ. ಒಳಗೆ ಈ ಸಲ ನನಗೆ ಏನೂ ಕೇಳಲಿಲ್ಲ. ತೆರೆಯೋಣ ಎಂದು ಅವನೇ ಬಾಗಿಲು ತಳ್ಳಿದ. ಧೂಪದ ಹೊಗೆ ಹೊರಗೆ ಬಂತು. ಮುದ್ದೆಯ ನೆತ್ತಿ ನೆಟ್ಟಗೆ ಎರಡಾಗಿ ಬಿರಿದಿತ್ತು.

ಮಗ ಬಗ್ಗಿ ನೋಡಿದ. "ಮುರಿದವ್ನೆ," ಎಂದ, ಉಸಿರಿನಲ್ಲಿ. "ಅಪ್ಪ ಮುರಿದವ್ನೆ ಅವ್ವ."

ಆರಿದರೆ ಮುದ್ದೆಯ ಮೇಲೆ ಪೊರೆ ಕಟ್ಟಿ ಬಿರಿಯುತ್ತದೆ. ಕೋಲು ಹಿಡಿದ ಯಾವ ಹೆಂಗಸಿಗೂ ಗೊತ್ತು. ಸೊಸೆಗೆ ಗೊತ್ತು, ಅವಳು ನೆಲ ನೋಡಿದಳು. ಮೊಮ್ಮಗಳಿಗೂ ಗೊತ್ತು, ದಿನಾ ನೋಡುತ್ತಾಳಲ್ಲ. "ಅಜ್ಜಿ, ಅದು..." ಎಂದು ಬಾಯಿ ತೆರೆದಳು. ಅವಳ ಬಾಯಿಯ ಮೇಲೆ ಅಂಗೈ ಇಟ್ಟು ಅವಳನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ.

ಮಗ ಕಾಗೆಗೂ ಕಾಯಲಿಲ್ಲ. ಎಡೆಯ ಎಲೆಯ ಮುಂದೆಯೇ ಕೂತ. ಬಿರಿದ ಕಡೆಯಿಂದ ಒಂದು ತುತ್ತು ಮುರಿದ, ಸಾರಿನಲ್ಲಿ ಅದ್ದಿದ. ನುಂಗಲು ಬರದೆ ಅಗಿದ. ಅಗಿಯುತ್ತಾ ಅಗಿಯುತ್ತಾ ಅತ್ತ. ಆದರೂ ಪೂರ್ತಿ ಉಂಡ. ಅವತ್ತಿನಿಂದ ಅವನು ಬಿಳಿ ಅನ್ನ ಕೇಳಿಲ್ಲ. ಮಾತ್ರೆ ತಪ್ಪಿಸುವುದಿಲ್ಲ. ಹೋದ ಸಲ ಡಾಕ್ಟರು ಅವನ ಬೆರಳು ಒತ್ತಿ ನೋಡಿ, ಗಾಯ ಕೂಡಿಕೊಂಡಿದೆ, ಸಕ್ಕರೆಯೂ ಇಳಿದಿದೆ ಎಂದರು. ಬಸ್‌ಸ್ಟ್ಯಾಂಡಿನಲ್ಲೇ ಜನ ನೋಡುವ ಹಾಗೆ ನಾನು ಅವನ ಕೆನ್ನೆ ಹಿಡಿದು ಮುತ್ತು ಕೊಟ್ಟೆ. "ಬಿಡವ್ವ, ಮಾನ ಕಳೀತೀಯ," ಎಂದು ಕೊಸರಿಕೊಂಡ.

ನಾನು ಮುಚ್ಚಿಟ್ಟದ್ದನ್ನು ಮುಚ್ಚಿಯೇ ಇಟ್ಟಿದ್ದೇನೆ. ಆದರೆ ದಿನಾ ಮುದ್ದೆ ಕಟ್ಟುವಾಗ ಒಂದು ಯೋಚನೆ ಬರುತ್ತದೆ. ಅವತ್ತು ನಾವು ಬಾಗಿಲಾಚೆ ನಿಂತದ್ದು ಬಹಳ ಹೊತ್ತೇನಲ್ಲ. ಬಾಗಿಲು ತೆಗೆದಾಗ ಆ ಮುದ್ದೆಯಿಂದ ಇನ್ನೂ ಹಬೆ ಏಳುತ್ತಿತ್ತು. ಹಬೆಯಾಡುವ ಮುದ್ದೆ ಬಿರಿಯುವುದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.